ಸದಸ್ಯ ದೇಶದೊಳಗೇ ಬೆಂಕಿ ಬಿದ್ದರೆ ಒಕ್ಕೂಟ ಏನು ಮಾಡುತ್ತದೆ?

ಬೆಂಗಳೂರಿನ ವಿಜಯನಗರದಲ್ಲಿ ಕೆಎಎಸ್, ಯುಪಿಎಸ್‌ಸಿ ಪರೀಕ್ಷೆಗೆ ಓದುವವರ ನೋಟ್ಸ್ ತೆರೆದರೆ ಪ್ರಾದೇಶಿಕ ಸಂಘಟನೆಗಳ ಪುಟವೊಂದು ಇದ್ದೇ ಇರುತ್ತದೆ. ಸಾರ್ಕ್, 1985, ಕಠ್ಮಂಡು. ಆಸಿಯಾನ್, 1967, ಜಕಾರ್ತ. ಆಫ್ರಿಕನ್ ಒಕ್ಕೂಟ, 2002, ಅಡಿಸ್ ಅಬಾಬಾ. ಪ್ರಿಲಿಮ್ಸ್‌ಗೆ ಇಷ್ಟು ಸಾಕು. ಮೇನ್ಸ್‌ನಲ್ಲಿ ಪ್ರಶ್ನೆ ಸ್ವಲ್ಪ ತಿರುಗಿ ಬಂದು, ಸದಸ್ಯ ದೇಶವೊಂದರ ಒಳಗೇ ಅಂತರ್ಯುದ್ಧವೋ ಸೇನಾ ದಂಗೆಯೋ ಆದಾಗ ಈ ಸಂಘಟನೆಗಳು ಏನು ಮಾಡುತ್ತವೆ ಎಂದು ಕೇಳಿದರೆ, ಬಹುತೇಕ ಉತ್ತರಗಳು "ಶಾಂತಿ ಸ್ಥಾಪನೆಯಲ್ಲಿ ಮಹತ್ವದ ಪಾತ್ರ ವಹಿಸುತ್ತವೆ" ಎಂಬ ಸಾಲಿಗೆ ಬಂದು ನಿಂತುಬಿಡುತ್ತವೆ. ಸಾಲು ತಪ್ಪೇನಲ್ಲ, ಅದರಲ್ಲಿ ಹುರುಳಿಲ್ಲ ಅಷ್ಟೆ. ಒಂದು ಒಕ್ಕೂಟ ಸೋತರೂ ಕುರ್ಚಿ ಬಿಡದ ಅಧ್ಯಕ್ಷನನ್ನು ವಿಮಾನ ಹತ್ತಿಸಿ ದೇಶದಿಂದಾಚೆ ಕಳಿಸಿದೆ. ಇನ್ನೊಂದು, ತನ್ನ ಕಚೇರಿ ಇರುವ ದೇಶದಲ್ಲೇ ಹತ್ತು ವರ್ಷ ಅಂತರ್ಯುದ್ಧ ನಡೆದರೂ ಬಾಯಿ ಬಿಟ್ಟಿಲ್ಲ. ಇಷ್ಟು ಅಂತರ ಹೇಗೆ ಬಂತು?

ಮೊದಲು ಕಾನೂನು ನೋಡಿಬಿಡೋಣ. ವಿಶ್ವಸಂಸ್ಥೆಯ 1945ರ ಸನ್ನದಿನ 2ನೇ ವಿಧಿಯ 7ನೇ ಉಪವಿಧಿ, ಯಾವುದೇ ದೇಶದ ಆಂತರಿಕ ವಿಷಯದಲ್ಲಿ ಕೈಹಾಕುವ ಅಧಿಕಾರ ವಿಶ್ವಸಂಸ್ಥೆಗಿಲ್ಲ ಎನ್ನುತ್ತದೆ. ಭದ್ರತಾ ಮಂಡಳಿ ಬಲಪ್ರಯೋಗಕ್ಕೆ ಮುಂದಾದಾಗ ಮಾತ್ರ ಇದಕ್ಕೆ ವಿನಾಯಿತಿ. ಅದೇ ಸನ್ನದಿನ ಎಂಟನೇ ಅಧ್ಯಾಯ ಪ್ರಾದೇಶಿಕ ಸಂಘಟನೆಗಳಿಗೆ ಮೀಸಲು. ಸ್ಥಳೀಯ ವಿವಾದಗಳು ಭದ್ರತಾ ಮಂಡಳಿಗೆ ಹೋಗುವ ಮೊದಲು ಪ್ರಾದೇಶಿಕ ಮಟ್ಟದಲ್ಲಿ ಶಾಂತಿಯಿಂದ ಬಗೆಹರಿಯಲಿ ಎನ್ನುತ್ತದೆ 52ನೇ ವಿಧಿ. ಮಂಡಳಿಯ ಒಪ್ಪಿಗೆಯಿಲ್ಲದೆ ಬಲ ಪ್ರಯೋಗಿಸುವಂತಿಲ್ಲ ಎನ್ನುವುದು 53. ಏನೇ ಮಾಡಿದರೂ ಮಂಡಳಿಗೆ ತಿಳಿಸುತ್ತಿರಬೇಕು ಎನ್ನುವುದು 54. ಸಂಧಾನ ನಿಮ್ಮದು, ಬಂದೂಕು ಎತ್ತುವುದಾದರೆ ನಮ್ಮನ್ನು ಕೇಳಿ ಎಂಬ ವ್ಯವಸ್ಥೆ ಇದು. ಕಾಗದದ ಮೇಲೆ ಸ್ಪಷ್ಟವಾಗಿಯೇ ಇದೆ. ಆದರೆ ಸನ್ನದು ಬರೆದವರ ಕಣ್ಣೆದುರು ಇದ್ದದ್ದು ದೇಶ ದೇಶಗಳ ನಡುವಿನ ಯುದ್ಧ. ಆಮೇಲಿನ ದಶಕಗಳಲ್ಲಿ ಹೆಚ್ಚು ಜನ ಸತ್ತದ್ದು ದೇಶಗಳ ಒಳಗೆ ನಡೆದ ಕಾಳಗಗಳಲ್ಲಿ.

ಇಂಥ ಕಾಳಗಕ್ಕೆ ನೆರೆಯವರೇ ಯಾಕೆ ಬೇಕು? ಹಳೇ ಬೆಂಗಳೂರಿನ ವಠಾರ ನೆನಪಿಸಿಕೊಂಡರೆ ಇದು ಸಲೀಸಾಗಿ ಅರ್ಥವಾಗುತ್ತದೆ. ಒಂದು ಮನೆಯಲ್ಲಿ ಅಣ್ಣತಮ್ಮಂದಿರು ಹೊಡೆದಾಡಿಕೊಂಡರೆ ಮೊದಲು ಓಡಿಬರುವವರು ಪಕ್ಕದ ಮನೆಯವರು. ಯಾರ ಸ್ವಭಾವ ಹೇಗೆ, ಯಾರ ಮಾತು ಯಾರು ಕೇಳುತ್ತಾರೆ ಅನ್ನುವುದು ಅವರಿಗೆ ಗೊತ್ತು. ಅದೇ ಪಕ್ಕದ ಮನೆಯವರು ಆ ಅಣ್ಣನಿಗೆ ಸಾಲ ಕೊಟ್ಟಿರಬಹುದು, ತಮ್ಮನಿಗೆ ಹೆಣ್ಣು ಕೊಟ್ಟಿರಬಹುದು, ನಡುವಿನ ಗೋಡೆಯ ಮೇಲೆ ಕಣ್ಣಿಟ್ಟಿರಬಹುದು. ದೇಶಗಳ ಮಟ್ಟದಲ್ಲೂ ಹಾಗೆಯೇ. ನಿರಾಶ್ರಿತರು ಬರುವುದು ನೆರೆ ದೇಶಕ್ಕೆ, ಬಂಡುಕೋರರು ಅಡಗುವುದೂ ಅಲ್ಲೇ, ಅವರಿಗೆ ಬಂದೂಕು ಹೋಗುವುದು ಬಹಳ ಸಲ ಅಲ್ಲಿಂದಲೇ. ಹಾಗಾಗಿ ಒಂದು ಒಕ್ಕೂಟ ಏನು ಮಾಡೀತು ಎಂದು ತಿಳಿಯಲು ಅದರ ಸನ್ನದು ಓದಿದರೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ, ಆ ಪ್ರದೇಶದ ಬಲಾಢ್ಯ ದೇಶ ಆ ಜಗಳದಲ್ಲಿ ಎಲ್ಲಿ ನಿಂತಿದೆ ಎನ್ನುವುದರಲ್ಲಿದೆ.

ನೆರೆಯವರೇ ಕಕ್ಷಿದಾರರಾದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡಿಗರಿಗೆ ಹತ್ತಿರದ ಉದಾಹರಣೆ ಸೈಪ್ರಸ್. 1963ರ ಡಿಸೆಂಬರ್‌ನಲ್ಲಿ ಅಲ್ಲಿ ಗ್ರೀಕ್ ಮತ್ತು ಟರ್ಕಿ ಮೂಲದವರ ನಡುವೆ ಹಿಂಸೆ ಭುಗಿಲೆದ್ದಾಗ, 1964ರ ಆರಂಭದಲ್ಲಿ ಬ್ರಿಟನ್ ಮತ್ತು ಅಮೆರಿಕ ನ್ಯಾಟೊ ದೇಶಗಳ ಪಡೆ ಕಳಿಸುವ ಪ್ರಸ್ತಾವ ಮುಂದಿಟ್ಟವು. ಅಧ್ಯಕ್ಷ ಮಕಾರಿಯೊಸ್ ಒಪ್ಪಲಿಲ್ಲ. ಗ್ರೀಸ್, ಟರ್ಕಿ ಎರಡೂ ನ್ಯಾಟೊ ಸದಸ್ಯರು, ಎರಡೂ ಈ ಜಗಳದ ಪಾಲುದಾರರು. ಅವರು ವಿಶ್ವಸಂಸ್ಥೆಯ ಪಡೆಯೇ ಬೇಕೆಂದರು. ಅದೇ ವರ್ಷದ ಮಾರ್ಚ್‌ನಲ್ಲಿ ಆ ಪಡೆ ರಚನೆಯಾಯಿತು. ಅದರ ದಂಡನಾಯಕರಾಗಿ ಹೋದ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ 1965ರ ಡಿಸೆಂಬರ್‌ನಲ್ಲಿ ಅಲ್ಲೇ, ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ದೂರದವನೇ ವಾಸಿ ಎನ್ನುವ ಸಂದರ್ಭಗಳೂ ಇರುತ್ತವೆ.

ಸದ್ದಿಲ್ಲದ ಕೆಲಸ

ಪಡೆ, ಗಡುವು, ದಿಗ್ಬಂಧನ ಇವೆಲ್ಲ ಸುದ್ದಿಯಾಗುತ್ತವೆ. ಒಕ್ಕೂಟಗಳ ಅತ್ಯುತ್ತಮ ಕೆಲಸ ಸುದ್ದಿಯಾಗುವುದೇ ಇಲ್ಲ, ಯಾಕೆಂದರೆ ಅಲ್ಲಿ ಯುದ್ಧವೇ ನಡೆದಿರುವುದಿಲ್ಲ.

ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆ 1992ರಲ್ಲಿ ಅಲ್ಪಸಂಖ್ಯಾತ ಜನಾಂಗಗಳಿಗಾಗಿ ಒಬ್ಬ ಹೈಕಮಿಷನರ್ ಹುದ್ದೆ ಸೃಷ್ಟಿಸಿತು. ಮೊದಲಿಗೆ ಬಂದವರು ನೆದರ್ಲೆಂಡ್ಸ್‌ನ ಮಾಜಿ ವಿದೇಶಾಂಗ ಸಚಿವ ಮ್ಯಾಕ್ಸ್ ವಾನ್ ಡರ್ ಸ್ಟೂಲ್. ಆಗಷ್ಟೇ ಸೋವಿಯತ್ ಒಕ್ಕೂಟದಿಂದ ಬಿಡುಗಡೆಯಾಗಿದ್ದ ಎಸ್ಟೋನಿಯ 1993ರಲ್ಲಿ ವಿದೇಶೀಯರ ಕಾನೂನೊಂದನ್ನು ತಂದಿತು. ಅಲ್ಲಿನ ರಷ್ಯನ್ ಭಾಷಿಕರು ಇದರಿಂದ ನಮ್ಮನ್ನು ಓಡಿಸುತ್ತಾರೆ ಎಂದು ಹೆದರಿದರು. ಗಡಿಯ ನಾರ್ವಾ, ಸಿಲ್ಲಾಮೆ ಪಟ್ಟಣಗಳು ಸ್ವಾಯತ್ತತೆಗಾಗಿ ಜನಮತಗಣನೆ ಘೋಷಿಸಿದವು. ಪಕ್ಕದಲ್ಲೇ ರಷ್ಯಾ. ಮುಂದೆ ಏನಾಗಬಹುದಿತ್ತು ಎಂದು ಉಕ್ರೇನ್ ಕಂಡವರಿಗೆ ವಿವರಿಸಬೇಕಿಲ್ಲ. ಎಸ್ಟೋನಿಯದ ಅಧ್ಯಕ್ಷರು ಕಾನೂನಿಗೆ ಸಹಿ ಹಾಕದೆ ಅದನ್ನು ಯುರೋಪಿನ ಸಂಸ್ಥೆಗಳ ಅಭಿಪ್ರಾಯಕ್ಕೆ ಕಳಿಸಿದರು, ಅದು ತಿದ್ದುಪಡಿಯಾಗಿ ಬಂತು. ವಾನ್ ಡರ್ ಸ್ಟೂಲ್ ರಾಜಧಾನಿಗೂ ಆ ಪಟ್ಟಣಗಳಿಗೂ ಓಡಾಡಿ ಎರಡೂ ಕಡೆಯಿಂದ ಮಾತು ತೆಗೆದುಕೊಂಡರು: ಮತದಾನವನ್ನು ಸರ್ಕಾರ ಬಲವಂತದಿಂದ ತಡೆಯುವುದಿಲ್ಲ, ಅದು ಸಿಂಧುವೇ ಅಲ್ಲವೇ ಎಂಬ ಸುಪ್ರೀಂ ಕೋರ್ಟಿನ ತೀರ್ಪಿಗೆ ಪಟ್ಟಣಗಳು ತಲೆಬಾಗುತ್ತವೆ. ಕೋರ್ಟು ಅಸಿಂಧು ಎಂದಿತು, ಪಟ್ಟಣಗಳು ಒಪ್ಪಿದವು, ಒಂದು ಗುಂಡೂ ಹಾರಲಿಲ್ಲ.

ಆ ಹುದ್ದೆಯ ನಿಯಮಗಳಲ್ಲಿ ಒಂದು ಚಾಲಾಕಿತನವೂ ಇದೆ. ಸಂಘಟಿತ ಭಯೋತ್ಪಾದನೆ ಇರುವ ಕಡೆ ಹೈಕಮಿಷನರ್ ಕಾಲಿಡುವಂತಿಲ್ಲ. ಅಲ್ಲಿಗೆ ಉತ್ತರ ಐರ್ಲೆಂಡ್, ಬಾಸ್ಕ್ ಪ್ರದೇಶ, ಟರ್ಕಿಯ ಕುರ್ದರು, ಎಲ್ಲರೂ ಅವರ ವ್ಯಾಪ್ತಿಯಿಂದ ಹೊರಗುಳಿದರು. ದೊಡ್ಡವರು ತಮ್ಮ ಮನೆಗೆ ಬೀಗ ಹಾಕಿಕೊಂಡೇ ಚಿಕ್ಕವರ ಮನೆಗೆ ಸಮಾಧಾನ ಹೇಳುವವರನ್ನು ಕಳಿಸಿದರು ಎನ್ನಬೇಕು. 2017ರಲ್ಲಿ ಕ್ಯಾಟಲೋನಿಯದ ಜನಮತಗಣನೆಯ ಗಲಾಟೆ ಎದ್ದಾಗ ಯುರೋಪಿಯನ್ ಕಮಿಷನ್ ಕೂಡ ಇದು ಸ್ಪೇನ್‌ನ ಆಂತರಿಕ ವಿಷಯ ಎಂದು ಕೈತೊಳೆದುಕೊಂಡಿತು. ಮಧ್ಯಪ್ರವೇಶ ಬೇಡ ಅನ್ನುವ ಕಾಯಿಲೆ ಏಷ್ಯಾದವರಿಗೆ ಮಾತ್ರ ಎಂದುಕೊಂಡವರಿಗೆ ಈ ಮಾತು.

ಆಫ್ರಿಕಾ ಕಲಿತದ್ದು

1963ರಲ್ಲಿ ಅಡಿಸ್ ಅಬಾಬಾದಲ್ಲಿ ಹುಟ್ಟಿದ ಆಫ್ರಿಕನ್ ಏಕತಾ ಸಂಘಟನೆಗೂ ಇದೇ ಕಾಯಿಲೆ ಇತ್ತು. ಅದಕ್ಕೆ ಕಾರಣವೂ ಇತ್ತು. ವಸಾಹತುಶಾಹಿ ಗೀಚಿದ ಗಡಿಗಳೊಳಗೆ ಹೊಸದಾಗಿ ಸ್ವತಂತ್ರವಾದ ದೇಶಗಳು, ನನ್ನ ಗಡಿ ನೀನು ಮುಟ್ಟಬೇಡ, ನಿನ್ನದು ನಾನು ಮುಟ್ಟುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡಿದ್ದವು. 1994ರಲ್ಲಿ ರುವಾಂಡದಲ್ಲಿ ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಕೊಲೆಯಾದ ಮೇಲೆ ಆ ಒಪ್ಪಂದವನ್ನು ಸಮರ್ಥಿಸಿಕೊಳ್ಳುವ ಮುಖ ಯಾರಿಗೂ ಉಳಿಯಲಿಲ್ಲ. ಹೊಸ ಆಫ್ರಿಕನ್ ಒಕ್ಕೂಟದ ಸ್ಥಾಪನಾ ಕಾಯ್ದೆ 2000ದಲ್ಲಿ ಅಂಗೀಕಾರವಾದಾಗ ಅದರ 4ನೇ ವಿಧಿಯ 'ಎಚ್' ಉಪವಿಧಿಯಲ್ಲಿ ಒಂದು ಅಪರೂಪದ ಮಾತು ಸೇರಿತು: ನರಮೇಧ, ಯುದ್ಧಾಪರಾಧ, ಮಾನವೀಯತೆಯ ವಿರುದ್ಧದ ಅಪರಾಧ ನಡೆದರೆ ಸದಸ್ಯ ದೇಶದೊಳಗೆ ಪ್ರವೇಶಿಸುವ ಹಕ್ಕು ಒಕ್ಕೂಟಕ್ಕಿದೆ. 2004ರಲ್ಲಿ 15 ಸದಸ್ಯರ ಶಾಂತಿ ಮತ್ತು ಭದ್ರತಾ ಮಂಡಳಿ ಕೆಲಸ ಶುರುಮಾಡಿತು. ಹಿರಿಯರ ಸಮಿತಿ, ತುರ್ತು ಪಡೆಯ ಯೋಜನೆ ಎಲ್ಲ ಬಂದವು.

ಆ 'ಎಚ್' ಉಪವಿಧಿ ಇವತ್ತಿನವರೆಗೆ ಬಳಕೆಯಾಗಿಲ್ಲ. ಹತ್ತಿರ ಹತ್ತಿರ ಬಂದದ್ದು ಬುರುಂಡಿಯ ವಿಷಯದಲ್ಲಿ. ಅಧ್ಯಕ್ಷ ಎನ್‌ಕುರುಂಜಿಜಾ 2015ರಲ್ಲಿ ಮೂರನೇ ಅವಧಿಗೆ ಹಠ ಹಿಡಿದು ರಕ್ತಪಾತವಾದಾಗ, ಡಿಸೆಂಬರ್‌ನಲ್ಲಿ ಶಾಂತಿ ಮಂಡಳಿ 5,000 ಜನರ ಪಡೆ ಕಳಿಸಲು ತೀರ್ಮಾನಿಸಿತು. ಪಡೆ ಬಂದರೆ ಆಕ್ರಮಣವೆಂದೇ ಪರಿಗಣಿಸುತ್ತೇವೆ ಎಂದಿತು ಬುರುಂಡಿ. ಮುಂದಿನ ತಿಂಗಳು ಶೃಂಗಸಭೆಯಲ್ಲಿ ಅಂತಿಮ ಮುದ್ರೆ ಒತ್ತಬೇಕಾಗಿದ್ದವರು ಇತರ ಅಧ್ಯಕ್ಷರು. ಅವರಲ್ಲೂ ಅವಧಿ ವಿಸ್ತರಿಸಿಕೊಂಡವರು ಕಡಿಮೆಯಿರಲಿಲ್ಲ. ಪಡೆಯ ಪ್ರಸ್ತಾವ ಅಲ್ಲಿಗೇ ಬಿದ್ದುಹೋಯಿತು.

ಬುರುಂಡಿಗಿಂತ ಏಳು ವರ್ಷ ಮೊದಲು ಕೀನ್ಯಾದಲ್ಲಿ ಅದೇ ಒಕ್ಕೂಟ ಒಂದೇ ಒಂದು ಸೈನಿಕನನ್ನೂ ಕಳಿಸದೆ ದೇಶ ಉಳಿಸಿತ್ತು. 2007ರ ಡಿಸೆಂಬರ್ ಚುನಾವಣೆಯಲ್ಲಿ ಆಗಿನ ಅಧ್ಯಕ್ಷ ಮ್ವಾಯಿ ಕಿಬಾಕಿಯೇ ಗೆದ್ದರೆಂದು ಘೋಷಣೆಯಾಯಿತು. ಎದುರಾಳಿ ರೈಲಾ ಒಡಿಂಗಾ ಅದು ಮೋಸ ಎಂದರು. ಎರಡು ತಿಂಗಳಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು, ಸುಮಾರು ಆರು ಲಕ್ಷ ಜನ ಮನೆಮಠ ಬಿಟ್ಟರು. ರೈಲು ಹಳಿ ಕಿತ್ತಿದ್ದರಿಂದ ಸಮುದ್ರವಿಲ್ಲದ ಉಗಾಂಡದಲ್ಲಿ ಪೆಟ್ರೋಲಿಗೆ ಹಾಹಾಕಾರ. ಒಬ್ಬರ ಹಿಂದೊಬ್ಬರು ಸಂಧಾನಕಾರರು ಬಂದು ಹೋದರು. ಕೊನೆಗೆ ಆಫ್ರಿಕನ್ ಒಕ್ಕೂಟ ಮೂವರ ಸಮಿತಿ ಮಾಡಿತು: ವಿಶ್ವಸಂಸ್ಥೆಯ ಮಾಜಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್, ತಾಂಜಾನಿಯದ ಮಾಜಿ ಅಧ್ಯಕ್ಷ ಬೆಂಜಮಿನ್ ಎಂಕಾಪಾ, ಮೊಜಾಂಬಿಕ್‌ನ ಗ್ರಾಸಾ ಮಷೆಲ್.

ಅನ್ನಾನ್ ಹಾಕಿದ ಮೊದಲ ಷರತ್ತೇ ಸಂಧಾನದ ಮೇಜು ಒಂದೇ ಇರಬೇಕು ಎಂಬುದು. ಕೇಳಲು ಸಣ್ಣ ಮಾತು. ಆದರೆ ಅಂತರ್ಯುದ್ಧಗಳ ಸಂಧಾನ ಹಾಳಾಗುವುದೇ ಇಲ್ಲಿ. ಒಬ್ಬ ಸಂಧಾನಕಾರ ಇಷ್ಟವಾಗದಿದ್ದರೆ ಕಕ್ಷಿಗಳು ಇನ್ನೊಬ್ಬರ ಬಳಿ ಹೋಗುತ್ತಾರೆ, ಅಲ್ಲಿ ಬೇರೆ ಬೆಲೆ ಕೇಳುತ್ತಾರೆ. ಕೀನ್ಯಾದಲ್ಲಿ ಅಮೆರಿಕ, ಯುರೋಪ್, ನೆರೆ ದೇಶಗಳು ಎಲ್ಲವೂ ಅನ್ನಾನ್ ಹಿಂದೆ ಸಾಲಾಗಿ ನಿಂತವು. ಪ್ರತಿನಿಧಿಗಳ ಮಾತುಕತೆ ಕಗ್ಗಂಟಾದಾಗ ಅನ್ನಾನ್ ಅದನ್ನು ನಿಲ್ಲಿಸಿ, ಕಿಬಾಕಿ ಮತ್ತು ಒಡಿಂಗಾ ಇಬ್ಬರನ್ನೇ ಎದುರು ಕೂರಿಸಿಕೊಂಡರು. ಆಗ ಒಕ್ಕೂಟದ ಅಧ್ಯಕ್ಷರಾಗಿದ್ದ ತಾಂಜಾನಿಯದ ಜಕಾಯಾ ಕಿಕ್ವೆಟೆ ಪಕ್ಕದಲ್ಲಿದ್ದರು. ಅಧ್ಯಕ್ಷ ಇದ್ದೂ ಪ್ರಧಾನಿ ಇರಬಹುದು, ನಮ್ಮಲ್ಲಿ ಹಾಗೆಯೇ ನಡೆಯುತ್ತದೆ ಎಂದು ವಿವರಿಸಲು ಪಕ್ಕದ ದೇಶದವರಿಗಿಂತ ಸೂಕ್ತರು ಯಾರು? 2008ರ ಫೆಬ್ರವರಿ 28ರಂದು ಸಹಿ ಬಿತ್ತು. ಕಿಬಾಕಿ ಅಧ್ಯಕ್ಷ, ಒಡಿಂಗಾ ಪ್ರಧಾನಿ. 2010ರಲ್ಲಿ ಹೊಸ ಸಂವಿಧಾನವೂ ಬಂತು. (2025ರ ಅಕ್ಟೋಬರ್‌ನಲ್ಲಿ ಆಯುರ್ವೇದ ಚಿಕಿತ್ಸೆಗೆಂದು ಕೇರಳಕ್ಕೆ ಬಂದಿದ್ದಾಗ ತೀರಿಕೊಂಡರಲ್ಲ, ಅದೇ ಒಡಿಂಗಾ.)

ಇದನ್ನು ಪೂರ್ತಿ ಗೆಲುವು ಎನ್ನಲು ನನಗೆ ಮನಸ್ಸಿಲ್ಲ. ಚುನಾವಣೆ ಸೋತವನಿಗೂ ಗೆದ್ದವನಿಗೂ ಅಧಿಕಾರ ಹಂಚಿದರೆ, ಕುರ್ಚಿ ಬಿಡದೆ ಕೂತರೂ ಅರ್ಧ ಸಿಗುತ್ತದೆ ಎಂಬ ಪಾಠವನ್ನು ಬೇರೆಯವರು ಕಲಿಯುತ್ತಾರೆ. ಅದೇ ವರ್ಷ ಜಿಂಬಾಬ್ವೆಯಲ್ಲಿ ಮುಗಾಬೆ ಕಲಿತದ್ದು ಇದನ್ನೇ. ಆದರೂ ಹೆಣ ಬೀಳುವುದು ನಿಂತಿತು, ಅದರ ಲೆಕ್ಕ ಬೇರೆ.

ಗ್ಯಾಂಬಿಯಾಕ್ಕೊಂದು ನ್ಯಾಯ, ನೈಜರ್‌ಗೊಂದು

ಪಶ್ಚಿಮ ಆಫ್ರಿಕಾದ ಇಕೊವಾಸ್ 1975ರಲ್ಲಿ ಹುಟ್ಟಿದ್ದು ವ್ಯಾಪಾರಕ್ಕಾಗಿ. ಅದು ಸೈನ್ಯ ಕಟ್ಟಿದ್ದು ಅನಿವಾರ್ಯದಿಂದ. 1990ರ ಆಗಸ್ಟ್‌ನಲ್ಲಿ ಲೈಬೀರಿಯ ಹೊತ್ತಿ ಉರಿಯುತ್ತಿತ್ತು, ಜಗತ್ತಿನ ಕಣ್ಣೆಲ್ಲ ಸದ್ದಾಂ ಹುಸೇನ್ ನುಗ್ಗಿದ್ದ ಕುವೈತ್ ಮೇಲಿತ್ತು. ನೈಜೀರಿಯದ ನೇತೃತ್ವದಲ್ಲಿ ಇಕೊವಾಸ್‌ನ ಇಕೊಮಾಗ್ ಪಡೆ ಮನ್ರೋವಿಯಾದಲ್ಲಿ ಇಳಿಯಿತು. ಭದ್ರತಾ ಮಂಡಳಿಯ ಅನುಮತಿ ಇರಲಿಲ್ಲ. 53ನೇ ವಿಧಿಯನ್ನು ಅಕ್ಷರಶಃ ಓದಿದರೆ ಇದು ಉಲ್ಲಂಘನೆ. ಮಂಡಳಿ ಎರಡು ವರ್ಷದ ನಂತರ, 1992ರ ನಿರ್ಣಯದಲ್ಲಿ, ಇಕೊವಾಸ್‌ನ ಪ್ರಯತ್ನವನ್ನು ಶ್ಲಾಘಿಸಿ ಸುಮ್ಮನಾಯಿತು. ಬಂಡುಕೋರ ಚಾರ್ಲ್ಸ್ ಟೇಲರ್‌ಗೆ ಇಕೊವಾಸ್‌ನದೇ ಸದಸ್ಯರಾದ ಐವರಿ ಕೋಸ್ಟ್ ಮತ್ತು ಬುರ್ಕಿನಾ ಫಾಸೊ ಬೆಂಬಲವಿತ್ತು. ಅಂದರೆ ಸಂಧಾನಕಾರರ ಸಾಲಿನಲ್ಲೂ ಕಕ್ಷಿದಾರರು ಕೂತಿದ್ದರು. ಶಾಂತಿಪಾಲಕರ ಲೂಟಿ ಎಷ್ಟಿತ್ತೆಂದರೆ, ಕಾರೇ ಇರಲಿ, ಚಲಿಸುವ ಇನ್ನೇನೇ ಇರಲಿ, ಮಾಯವಾಯಿತು (Every Car Or Moving Object Gone) ಎನ್ನುವುದೇ ಇಕೊಮಾಗ್‌ನ ಪೂರ್ಣ ರೂಪ ಎಂದು ಲೈಬೀರಿಯದ ಜನ ನಗೆಯಾಡುತ್ತಿದ್ದರು. 1997ರ ಚುನಾವಣೆಯಲ್ಲಿ ಟೇಲರೇ ಗೆದ್ದ. ಯುದ್ಧ ಮರುಕಳಿಸಿ, ಅವನು ನೈಜೀರಿಯಕ್ಕೆ ಹೋಗಿ, ಅಕ್ರಾ ಒಪ್ಪಂದ ಆಗುವ ಹೊತ್ತಿಗೆ 2003 ಬಂದಿತ್ತು.

ಅದೇ ಇಕೊವಾಸ್ 2017ರಲ್ಲಿ ಗ್ಯಾಂಬಿಯಾದಲ್ಲಿ ಮಾಡಿದ ಕೆಲಸ ಪಠ್ಯಪುಸ್ತಕಕ್ಕೆ ಯೋಗ್ಯ. 22 ವರ್ಷ ಆಳಿದ ಯಾಹ್ಯಾ ಜಮ್ಮೆ 2016ರ ಡಿಸೆಂಬರ್ 1ರ ಚುನಾವಣೆಯಲ್ಲಿ ಆಡಮಾ ಬ್ಯಾರೊ ಎದುರು ಸೋತ. ಮೊದಲು ಸೋಲೊಪ್ಪಿ, ವಾರ ಕಳೆಯುತ್ತಲೇ ಮಾತು ತಿರುಗಿಸಿದ. ನೆರೆ ದೇಶಗಳ ಅಧ್ಯಕ್ಷರು ತಂಡವಾಗಿ ಬಂದು ಬುದ್ಧಿ ಹೇಳಿದರು. ಕೇಳಲಿಲ್ಲ. ಜನವರಿ 19ರಂದು ಬ್ಯಾರೊ ಸೆನೆಗಲ್ ರಾಜಧಾನಿ ಡಕಾರ್‌ನ ಗ್ಯಾಂಬಿಯಾ ರಾಯಭಾರ ಕಚೇರಿಯಲ್ಲೇ ಪ್ರಮಾಣವಚನ ಸ್ವೀಕರಿಸಿದರು. ಅದೇ ದಿನ ಭದ್ರತಾ ಮಂಡಳಿ ಇಕೊವಾಸ್‌ಗೆ ಬೆಂಬಲ ಸೂಚಿಸಿತು. ಮಂಡಳಿಯ ಮಾತಿನಲ್ಲಿ ರಾಜಕೀಯ ಮಾರ್ಗಕ್ಕೇ ಒತ್ತು, ಬಲಪ್ರಯೋಗಕ್ಕೆ ನೇರ ಅನುಮತಿ ಇರಲಿಲ್ಲ. ಬ್ಯಾರೊ ಅವರ ಆಹ್ವಾನ ಕೈಯಲ್ಲಿದೆ ಎನ್ನುತ್ತ ಸೆನೆಗಲ್ ಪಡೆ ಗಡಿ ದಾಟಿತು. ಎರಡು ದಿನದಲ್ಲಿ ಜಮ್ಮೆ ವಿಮಾನ ಹತ್ತಿದ.

2023ರ ಜುಲೈ 26ರಂದು ನೈಜರ್‌ನಲ್ಲಿ ಜನರಲ್ ಚಿಯಾನಿ ಅಧ್ಯಕ್ಷ ಬಝೂಮ್ ಅವರನ್ನು ಕೂಡಿಹಾಕಿದಾಗ ಇಕೊವಾಸ್ ಅದೇ ಪಾಠ ಮತ್ತೆ ಒಪ್ಪಿಸಹೊರಟಿತು. ಏಳು ದಿನದ ಗಡುವು, ಗಡಿ ಬಂದ್, ಬ್ಯಾಂಕ್ ವ್ಯವಹಾರ ಬಂದ್, ನೈಜೀರಿಯದಿಂದ ವಿದ್ಯುತ್ ಬಂದ್. ಗಡುವು ಮುಗಿಯಿತು. ಪಡೆ ಹೊರಡಲಿಲ್ಲ. ಗ್ಯಾಂಬಿಯಾವನ್ನು ಮೂರು ಕಡೆ ಸೆನೆಗಲ್ ಸುತ್ತುವರಿದಿದೆ, ನಾಲ್ಕನೆಯದು ಸಮುದ್ರ. ನೈಜರ್ ವಿಶಾಲ ದೇಶ, ನೈಜೀರಿಯದ ಜೊತೆ ಅದರ ಗಡಿಯೇ ಸುಮಾರು 1,600 ಕಿಲೋಮೀಟರ್, ಗಡಿಯ ಎರಡೂ ಕಡೆ ಹೌಸಾ ಭಾಷೆಯಾಡುವ ನೆಂಟರು. ನೈಜೀರಿಯದ ಸೆನೆಟ್‌ನಲ್ಲೇ ಯುದ್ಧ ಬೇಡ ಎಂಬ ಕೂಗೆದ್ದಿತು. ಗ್ಯಾಂಬಿಯಾದಲ್ಲಿ ಪಟ್ಟಾಭಿಷೇಕಕ್ಕೆ ಕಾದು ನಿಂತ ವಿಜೇತನಿದ್ದ. ನೈಜರ್‌ನ ಅಧ್ಯಕ್ಷ ಬಂಧನದಲ್ಲಿದ್ದರು, ಬೀದಿಯಲ್ಲಿ ದಂಗೆಕೋರರಿಗೇ ಜೈಕಾರ ಬೀಳುತ್ತಿತ್ತು. ಅದಕ್ಕೂ ಮೊದಲೇ ಮಾಲಿ, ಬುರ್ಕಿನಾ ಫಾಸೊಗಳಲ್ಲಿ ದಂಗೆಯಾಗಿತ್ತು. ಆ ಇಬ್ಬರು ಸೇನಾಡಳಿತಗಾರರು ನೈಜರ್ ಮೇಲೆ ಕೈಮಾಡಿದರೆ ನಮ್ಮ ಮೇಲೆ ಮಾಡಿದಂತೆ ಎಂದರು. ಮೂವರೂ ಸೇರಿ ಸೆಪ್ಟೆಂಬರ್‌ನಲ್ಲಿ ತಮ್ಮದೇ ಸಾಹೆಲ್ ಮೈತ್ರಿಕೂಟ ಕಟ್ಟಿಕೊಂಡರು, 2025ರ ಜನವರಿಯಲ್ಲಿ ಇಕೊವಾಸ್‌ನಿಂದ ಅಧಿಕೃತವಾಗಿ ಹೊರನಡೆದರು.

ಬೆದರಿಕೆ ಹಾಕುವ ಒಕ್ಕೂಟಕ್ಕೆ ಇದಕ್ಕಿಂತ ದೊಡ್ಡ ಹೊಡೆತವಿಲ್ಲ. ಸದಸ್ಯತ್ವ ಅಮಾನತು ಅನ್ನುವ ಅಸ್ತ್ರ ಹೆದರಿಸುವುದು, ಒಳಗಿರಬೇಕು ಎಂದು ಆಸೆಯಿರುವವನನ್ನು ಮಾತ್ರ.

ಪೂರ್ವ ಆಫ್ರಿಕಾದ ಇಗಾಡ್‌ನ ಕಥೆಯೂ ಇದೇ ಜಾತಿಯದು. ಬರಗಾಲ ಎದುರಿಸಲು 1986ರಲ್ಲಿ ಹುಟ್ಟಿದ ಆ ಸಂಘಟನೆ ಸುಡಾನ್‌ನ ದೀರ್ಘ ಅಂತರ್ಯುದ್ಧಕ್ಕೆ ಸಂಧಾನ ಹೂಡಿತು. ಕೀನ್ಯಾದ ಜನರಲ್ ಲಾಜಾರೊ ಸುಂಬೆಯ್ವೊ ವರ್ಷಗಟ್ಟಲೆ ತಾಳ್ಮೆಯಿಂದ ಕೂತು 2005ರ ಜನವರಿಯ ಸಮಗ್ರ ಒಪ್ಪಂದ ಮಾಡಿಸಿದರು. ಅದರ ಫಲವಾಗಿ 2011ರಲ್ಲಿ ದಕ್ಷಿಣ ಸುಡಾನ್ ಹುಟ್ಟಿತು. ಆ ಹೊಸ ದೇಶದೊಳಗೇ 2013ರಲ್ಲಿ ಯುದ್ಧ ಶುರುವಾದಾಗ ಇಗಾಡ್ ಮತ್ತೆ ಮೇಜು ಹಾಕಿತು. ಈ ಸಲ ಅದರ ಸದಸ್ಯ ಉಗಾಂಡವೇ ಅಧ್ಯಕ್ಷ ಸಾಲ್ವಾ ಕೀರ್ ಪರ ಸೈನ್ಯ ಇಳಿಸಿತ್ತು. ಎದುರಾಳಿ ರಿಯೆಕ್ ಮಚಾರ್‌ಗೆ ಅಂಥ ಮೇಜಿನ ಮೇಲೆ ಎಷ್ಟು ನಂಬಿಕೆ ಇದ್ದೀತು? 2015ರಲ್ಲೊಂದು ಒಪ್ಪಂದ, ಅದು ಮುರಿದು 2018ರಲ್ಲಿ ಇನ್ನೊಂದು.

ದುಡ್ಡು ಯಾರದು?

ಇದನ್ನು ಕೇಳದೆ ಈ ವಿಷಯ ಮುಗಿಯುವುದಿಲ್ಲ. ಸೊಮಾಲಿಯದಲ್ಲಿ 2007ರಿಂದ ಆಫ್ರಿಕನ್ ಒಕ್ಕೂಟದ ಪಡೆ ಇದೆ, ಹೆಸರು ಎರಡು ಸಲ ಬದಲಾಗಿದೆ. ಸತ್ತವರು ಉಗಾಂಡ, ಬುರುಂಡಿ, ಕೀನ್ಯಾ, ಇಥಿಯೋಪಿಯದ ಹುಡುಗರು. ಅವರ ಭತ್ಯೆಗೆ ಹಣ ಬಹುಕಾಲ ಬಂದದ್ದು ಯುರೋಪಿಯನ್ ಒಕ್ಕೂಟದಿಂದ. ಯುರೋಪ್ 2016ರಲ್ಲಿ ಅದನ್ನು ಐದನೇ ಒಂದು ಭಾಗ ಕಡಿತ ಮಾಡಿದಾಗ ಸೈನ್ಯ ಕಳಿಸಿದ ದೇಶಗಳು ವಾಪಸ್ ಬರುವ ಮಾತಾಡಿದವು. 2023ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿ, ಇಂಥ ಪಡೆಗಳ ಖರ್ಚಿನ ಶೇ 75ರವರೆಗೆ ವಿಶ್ವಸಂಸ್ಥೆಯ ನಿಧಿಯಿಂದ ಕೊಡಬಹುದು ಎಂದು ತಾತ್ವಿಕವಾಗಿ ಒಪ್ಪಿದೆ. ಪ್ರತಿ ಪಡೆಗೂ ಮತ್ತೆ ಮಂಡಳಿಯ ಒಪ್ಪಿಗೆ ಬೇಕು. ಆಫ್ರಿಕಾದ ಸಮಸ್ಯೆಗೆ ಆಫ್ರಿಕಾದ ಪರಿಹಾರ ಎಂಬ ಘೋಷಣೆ ಕೇಳಿದಾಗಲೆಲ್ಲ ಚೆಕ್ಕಿಗೆ ಸಹಿ ಯಾರದು ಎಂದು ನೋಡುವುದು ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ಒಕ್ಕೂಟದ ಪಡೆ ಬಂತು ಎಂದ ಮಾತ್ರಕ್ಕೆ ಸಂಘರ್ಷ ಬಗೆಹರಿಯಿತು ಎಂದಲ್ಲ. 2011ರ ಮಾರ್ಚ್‌ನಲ್ಲಿ ಬಹರೈನ್‌ಗೆ ಕೊಲ್ಲಿ ಸಹಕಾರ ಮಂಡಳಿಯ ಹೆಸರಲ್ಲಿ ಸೌದಿ ಪಡೆ ಬಂದದ್ದು, 2022ರ ಜನವರಿಯಲ್ಲಿ ಕಜಾಕಸ್ತಾನಕ್ಕೆ ರಷ್ಯಾ ನೇತೃತ್ವದ ಭದ್ರತಾ ಕೂಟ ಧಾವಿಸಿದ್ದು, ಎರಡೂ ಬೀದಿಗಿಳಿದ ಜನರ ಎದುರು ಆಳುವವರನ್ನು ಉಳಿಸಲು.

ಬೆಂಗಳೂರಿನ ಶೃಂಗಸಭೆ, ಪಕ್ಕದ ಕೋಣೆ

ಸಾರ್ಕ್ ಸನ್ನದಿನ ಹತ್ತನೇ ವಿಧಿ ಎರಡೇ ಸಾಲಿನದು. ಎಲ್ಲ ತೀರ್ಮಾನ ಸರ್ವಾನುಮತದಿಂದ. ದ್ವಿಪಕ್ಷೀಯ ಮತ್ತು ವಿವಾದಾಸ್ಪದ ವಿಷಯಗಳ ಚರ್ಚೆ ಇಲ್ಲ. ಈ ವಿಧಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಮ್ಮೂರೇ ಕಣ್ಣಾರೆ ಕಂಡಿದೆ. ಸಾರ್ಕ್‌ನ ಎರಡನೇ ಶೃಂಗಸಭೆ ನಡೆದದ್ದು ಬೆಂಗಳೂರಿನಲ್ಲಿ, 1986ರ ನವೆಂಬರ್ 16 ಮತ್ತು 17ರಂದು. ರಾಜೀವ್ ಗಾಂಧಿ, ಶ್ರೀಲಂಕಾದ ಜಯವರ್ಧನೆ, ಪಾಕಿಸ್ತಾನದ ಜುನೇಜೊ, ಬಾಂಗ್ಲಾದ ಎರ್ಷಾದ್, ಮಾಲ್ಡೀವ್ಸ್‌ನ ಗಯೂಮ್, ನೇಪಾಳ ಮತ್ತು ಭೂತಾನದ ದೊರೆಗಳು ಬಂದಿದ್ದರು. ಕಠ್ಮಂಡುವಿನಲ್ಲಿ ಸಚಿವಾಲಯ ತೆರೆಯುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಇಲ್ಲಿಯೇ. ನಾಯಕರು ನಂದಿ ಬೆಟ್ಟಕ್ಕೂ ಹೋಗಿಬಂದರು.

ಆ ಹೊತ್ತಿಗೆ ದಕ್ಷಿಣ ಏಷ್ಯಾದ ಅತಿ ದೊಡ್ಡ ಆಂತರಿಕ ಯುದ್ಧ ಶ್ರೀಲಂಕಾದ್ದು. ಅಧಿಕೃತ ಕಾರ್ಯಸೂಚಿಯಲ್ಲಿ ಅದರ ಸುಳಿವಿಲ್ಲ. ಸಭಾಂಗಣದ ಆಚೆಯ ಬೆಂಗಳೂರಿನಲ್ಲಿ ಮಾತ್ರ ನಡೆದದ್ದೆಲ್ಲ ಅದೇ. ಶೃಂಗಸಭೆಗೆ ವಾರವಿರುವಾಗ ತಮಿಳುನಾಡು ಪೊಲೀಸರು ಅಲ್ಲಿದ್ದ ಲಂಕಾ ತಮಿಳು ಉಗ್ರರ ಶಸ್ತ್ರಾಸ್ತ್ರ ವಶಪಡಿಸಿಕೊಂಡಿದ್ದರು. ಎಲ್‌ಟಿಟಿಇಯ ಪ್ರಭಾಕರನ್‌ನನ್ನು ಮದ್ರಾಸಿನಿಂದ ಇಲ್ಲಿಗೆ ಕರೆತರಲಾಯಿತು. ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಕೂಡ ಬಂದರು. ರಾಜೀವ್ ಮತ್ತು ಜಯವರ್ಧನೆ ನಡುವೆ ಪೂರ್ವ ಪ್ರಾಂತ್ಯವನ್ನು ಹೇಗೆ ಹಂಚುವುದೆಂಬ ಚರ್ಚೆ ನಡೆಯಿತು, ಪ್ರಭಾಕರನ್ ಒಪ್ಪಲಿಲ್ಲ. ಸಾರ್ಕ್‌ನ ಉಪಯೋಗ ಅಂದಿಗೆ ಇಷ್ಟೇ, ಎಲ್ಲರೂ ಒಂದೇ ಊರಿನಲ್ಲಿರಲು ನೆಪ ಕೊಟ್ಟದ್ದು. ಆ ನೆಪವನ್ನೂ ನಾನು ಸಣ್ಣದೆನ್ನುವುದಿಲ್ಲ.

ಆದರೆ ಸಂಧಾನಕಾರ ಯಾರು ನೋಡಿ. ಲಂಕಾದ ತಮಿಳು ಬಂಡುಕೋರರಿಗೆ ಆಶ್ರಯ, ತರಬೇತಿ ಕೊಟ್ಟ ಭಾರತವೇ ಈಗ ಅವರನ್ನು ಒಪ್ಪಂದಕ್ಕೆ ದೂಡುತ್ತಿತ್ತು. 1987ರ ಜುಲೈ 29ರ ಭಾರತ–ಲಂಕಾ ಒಪ್ಪಂದವೂ ದ್ವಿಪಕ್ಷೀಯ, ಅದರ ಹಿಂದೆ ಹೋದ ಶಾಂತಿಪಾಲನಾ ಪಡೆಯೂ ಒಂದೇ ದೇಶದ್ದು. ಮೂರು ವರ್ಷ ತುಂಬುವ ಮೊದಲೇ, 1990ರ ಮಾರ್ಚ್‌ನಲ್ಲಿ, ಸುಮಾರು 1,200 ಯೋಧರನ್ನು ಕಳೆದುಕೊಂಡು ಅದು ಮರಳಿತು. ಅದು ಹಲವು ದೇಶಗಳ ಪಡೆಯಾಗಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ವ್ಯರ್ಥ, ಹಾಗಾಗಲು ಭಾರತವೇ ಬಿಡುತ್ತಿರಲಿಲ್ಲ. ಸಾರ್ಕ್ ಅಸಮರ್ಥ ಎಂದು ನಾವು ಟೀಕಿಸುತ್ತೇವೆ, ಅದರ ಬಾಯಿಗೆ ಹಾಕಿದ ಬೀಗಕ್ಕೆ ನಮ್ಮ ಸಮ್ಮತಿಯೂ ಇತ್ತು. ಸಣ್ಣ ನೆರೆಹೊರೆಯವರು ಒಟ್ಟಾಗಿ ತನ್ನ ಮೇಲೆ ಬೀಳಬಾರದು, ಕಾಶ್ಮೀರ ಚರ್ಚೆಗೆ ಬರಬಾರದು ಎಂಬ ಭಾರತದ ಆತಂಕ ಆ ವಿಧಿಯಲ್ಲಿ ಕಾಣುತ್ತದೆ. ಪಾಕಿಸ್ತಾನಕ್ಕೆ ಅದರದೇ ಆತಂಕಗಳಿದ್ದವು.

ಮುಂದೆ ಲಂಕಾದಲ್ಲಿ 2002ರ ಕದನ ವಿರಾಮ ಮಾಡಿಸಿದ್ದು ನಾರ್ವೆ, ಅದರ ಮೇಲೆ ನಿಗಾ ಇಟ್ಟವರು ನಾರ್ಡಿಕ್ ದೇಶದವರು. ನೇಪಾಳದ ಮಾವೋವಾದಿ ಯುದ್ಧ 1996ರಿಂದ 2006ರವರೆಗೆ ನಡೆದು ಸುಮಾರು 17,000 ಜನ ಸತ್ತರು. ಸಾರ್ಕ್ ಸಚಿವಾಲಯ ಇದ್ದದ್ದು ಅದೇ ದೇಶದ ರಾಜಧಾನಿಯಲ್ಲಿ. 2005ರ ನವೆಂಬರ್‌ನಲ್ಲಿ ಮಾವೋವಾದಿಗಳು ಮತ್ತು ಏಳು ಪಕ್ಷಗಳ 12 ಅಂಶಗಳ ಒಪ್ಪಂದ ರೂಪುಗೊಂಡದ್ದು ದೆಹಲಿಯಲ್ಲಿ, ಮರುವರ್ಷ ಶಾಂತಿ ಒಪ್ಪಂದವಾದ ಮೇಲೆ ಶಸ್ತ್ರಾಸ್ತ್ರ ಎಣಿಸಿ ಬೀಗ ಹಾಕಿಸಲು ಬಂದದ್ದು ವಿಶ್ವಸಂಸ್ಥೆ. 2014ರ ಕಠ್ಮಂಡು ಸಭೆಯ ನಂತರ ಸಾರ್ಕ್ ಶೃಂಗಸಭೆಯೇ ನಡೆದಿಲ್ಲ. 2016ರ ಇಸ್ಲಾಮಾಬಾದ್ ಸಭೆ ಉರಿ ದಾಳಿಯ ನಂತರ ರದ್ದಾಯಿತು. ಪಕ್ಕದ ಕೋಣೆಯೂ ಈಗಿಲ್ಲ.

ಮ್ಯಾನ್ಮಾರ್‌ನ ಜನರಲ್, ಎರಡು ಮೇಜು

ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್‌ನ ಮೂಲಮಂತ್ರವೂ ಮೂಗು ತೂರಿಸಬಾರದು ಎಂಬುದೇ. ಆದರೂ ಇಂಡೋನೇಷ್ಯಾದ ಅಚೆ ಪ್ರಾಂತ್ಯದಲ್ಲಿ ಒಂದು ಒಳದಾರಿ ಸಿಕ್ಕಿತ್ತು. 2004ರ ಸುನಾಮಿಯ ನಂತರ, 2005ರ ಆಗಸ್ಟ್‌ನಲ್ಲಿ ಫಿನ್ಲೆಂಡ್‌ನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ ಸರ್ಕಾರ ಮತ್ತು ಬಂಡುಕೋರರ ನಡುವೆ ಒಪ್ಪಂದ ಮಾಡಿಸಿದರು. ಉಸ್ತುವಾರಿಗೆ ಯುರೋಪಿಯನ್ ಒಕ್ಕೂಟದ ಜೊತೆ ಐದು ಆಸಿಯಾನ್ ದೇಶಗಳು ಜನ ಕಳಿಸಿದವು. ಆಸಿಯಾನ್ ಹೆಸರಿನಲ್ಲಿ ಹೋಗಲಿಲ್ಲ, ಆಯಾ ದೇಶಗಳಾಗಿ ಹೋದವು. ಇಂಡೋನೇಷ್ಯಾಕ್ಕೆ ಮುಜುಗರವಿಲ್ಲ, ಸಂಘಟನೆಯ ನಿಯಮಕ್ಕೂ ಧಕ್ಕೆಯಿಲ್ಲ. 840 ಬಂದೂಕುಗಳು ಒಪ್ಪಿಸಲ್ಪಟ್ಟವು, 2006ರ ಕೊನೆಗೆ ತಂಡ ಮನೆಗೆ ಹೋಯಿತು. ಸರ್ಕಾರಕ್ಕೇ ಶಾಂತಿ ಬೇಕಿದ್ದಾಗ ನಿಯಮಗಳು ಬಾಗುತ್ತವೆ.

ಮ್ಯಾನ್ಮಾರ್‌ನ ಸೇನೆಗೆ ಅದು ಬೇಕಿರಲಿಲ್ಲ. 2021ರ ಫೆಬ್ರವರಿ 1ರ ದಂಗೆಯ ನಂತರ, ಏಪ್ರಿಲ್ 24ರಂದು ಜಕಾರ್ತದಲ್ಲಿ ಜನರಲ್ ಮಿನ್ ಆಂಗ್ ಹ್ಲೈಂಗ್ ಸಮ್ಮುಖದಲ್ಲೇ ಆಸಿಯಾನ್ ಐದು ಅಂಶಗಳ ಒಮ್ಮತಕ್ಕೆ ಬಂತು: ಹಿಂಸೆ ನಿಲ್ಲಿಸಿ, ಮಾತಾಡಿ, ವಿಶೇಷ ದೂತ ಬರಲಿ, ಪರಿಹಾರ ಸಾಮಗ್ರಿ ಹೋಗಲಿ, ದೂತ ಎಲ್ಲ ಕಕ್ಷಿಗಳನ್ನೂ ಭೇಟಿಯಾಗಲಿ. ಊರಿಗೆ ಮರಳಿದ ಜನರಲ್, ದೇಶ ಶಾಂತವಾದ ಮೇಲೆ ಈ ಸಲಹೆಗಳನ್ನು ನೋಡೋಣ ಎಂದ ಧಾಟಿಯಲ್ಲಿ ಕೈಬಿಟ್ಟರು. ಆಸಿಯಾನ್‌ನ ಅಧ್ಯಕ್ಷಗಿರಿ ವರ್ಷಕ್ಕೊಮ್ಮೆ ಬದಲಾಗುತ್ತದೆ, ಅದರ ಜೊತೆ ದೂತರೂ ಬದಲಾಗುತ್ತಾರೆ. ಒಬ್ಬರು ಫೈಲು ಅರ್ಥಮಾಡಿಕೊಳ್ಳುವ ಹೊತ್ತಿಗೆ ಇನ್ನೊಬ್ಬರು. 2021ರ ಅಕ್ಟೋಬರ್‌ನಿಂದ ಶೃಂಗಸಭೆಗೆ ಜನರಲ್‌ಗೆ ಆಹ್ವಾನವಿಲ್ಲ, ರಾಜಕೀಯೇತರ ಪ್ರತಿನಿಧಿ ಬರಬಹುದು ಎಂದಷ್ಟೇ ಹೇಳಿದರು. ಆಸಿಯಾನ್ ಲೆಕ್ಕದಲ್ಲಿ ಇದೇ ಕಠಿಣ ಕ್ರಮ.

ಮ್ಯಾನ್ಮಾರ್ ಇನ್ನೊಂದು ಸಂಘಟನೆಯಲ್ಲೂ ಇದೆ. ಬಂಗಾಳ ಕೊಲ್ಲಿಯ ಸುತ್ತಮುತ್ತಲ ದೇಶಗಳಿಗಾಗಿ 1997ರಲ್ಲಿ ಹುಟ್ಟಿದ ಬಿಮ್‌ಸ್ಟೆಕ್‌ನಲ್ಲಿ ಭಾರತ, ಥಾಯ್ಲೆಂಡ್, ಬಾಂಗ್ಲಾ, ಲಂಕಾ, ನೇಪಾಳ, ಭೂತಾನ್ ಜೊತೆಗೆ ಅದೂ ಸದಸ್ಯ. ಸಾರ್ಕ್ ಮಲಗಿದ ಮೇಲೆ ದೆಹಲಿ ಒಲವು ತೋರುತ್ತಿರುವುದು ಇದರ ಕಡೆಗೆ. ಇದರ ಸನ್ನದಿನಲ್ಲೂ ಆಂತರಿಕ ವಿಷಯದಲ್ಲಿ ಮಧ್ಯಪ್ರವೇಶ ಇಲ್ಲ ಎಂಬ ಸಾಲಿದೆ. 2025ರ ಏಪ್ರಿಲ್ 4ರಂದು ಬ್ಯಾಂಕಾಕ್‌ನಲ್ಲಿ ನಡೆದ ಇದರ ಶೃಂಗಸಭೆಗೆ ಅದೇ ಜನರಲ್ ಬಂದು ಕೂತರು, ನಮ್ಮ ಪ್ರಧಾನಿಯನ್ನೂ ಭೇಟಿಯಾದರು. ವಾರದ ಹಿಂದಷ್ಟೇ ಅಲ್ಲಿ ಭೀಕರ ಭೂಕಂಪವಾಗಿತ್ತು, ಮಾತಾಡಲು ಅದೊಂದು ಕಾರಣವಾಗಿತ್ತು ನಿಜ. ಸಭೆ ನಡೆದದ್ದು ಥಾಯ್ಲೆಂಡ್‌ನಲ್ಲಿ, ಅದು ಎರಡೂ ಸಂಘಟನೆಗಳ ಸದಸ್ಯ. ಆಸಿಯಾನ್‌ನಲ್ಲಿ ಕುರ್ಚಿ ಸಿಗದ ವ್ಯಕ್ತಿಗೆ ಇಲ್ಲಿ ಸಿಗುತ್ತದೆ ಎಂದಮೇಲೆ ಐದು ಅಂಶಗಳಿಗೆ ಆತ ಯಾಕೆ ತಲೆಕೆಡಿಸಿಕೊಳ್ಳಬೇಕು? ಕೀನ್ಯಾದಲ್ಲಿ ಅನ್ನಾನ್ ಮುಚ್ಚಿಸಿದ್ದ ಎರಡನೇ ಮೇಜನ್ನು ಇಲ್ಲಿ ನಾವೇ ಹಾಕಿಕೊಟ್ಟಿದ್ದೇವೆ. ಗಡಿ ದಾಟಿ ಮಿಜೋರಾಂಗೆ ಬಂದ 30,000ಕ್ಕೂ ಹೆಚ್ಚು ಜನರ ಅಕ್ಕಿಬೇಳೆಯ ಚಿಂತೆಯನ್ನು ಬಹುಮಟ್ಟಿಗೆ ಆ ಪುಟ್ಟ ರಾಜ್ಯದ ಸರ್ಕಾರ, ಚರ್ಚುಗಳು ಮತ್ತು ಊರಿನ ಯುವಕ ಸಂಘಗಳು ಹೊತ್ತಿವೆ. ಎರಡು ಒಕ್ಕೂಟಗಳ ಯಾವ ಕಡತವೂ ಅಲ್ಲಿಗೆ ತಲುಪಿಲ್ಲ.